ಏಳು ಗಂಟೆ ಎರಡು ನಿಮಿಷದಿಂದ

ಮಾರ್ಚ್ 3, ಸೋಮವಾರ

ವಕೀಲರು ಹೇಳಿದ್ದಕ್ಕೆ ಬರೆಯುತ್ತಿದ್ದೇನೆ. "ಆಗಿದ್ದನ್ನೆಲ್ಲ ತಾರೀಕು ಹಾಕಿ ಬರೆದಿಟ್ಕೊಳ್ಳಿ. ಯಾರಿಗೂ ತೋರ್ಸೋದಕ್ಕಲ್ಲ. ಆರು ತಿಂಗಳು ಬಿಟ್ಟು ಯಾರಾದ್ರೂ ಕೇಳಿದ್ರೆ ನೀವು ತಡವರಿಸಬಾರ್ದು, ಅಷ್ಟೇ," ಎಂದರು. ಬರೆಯುವುದು ನನಗೇನೂ ಹೊಸದಲ್ಲ. ಹದಿನೆಂಟು ವರ್ಷದಿಂದ ಲಿಫ್ಟ್ ರಿಪೇರಿ ಮಾಡುತ್ತಿದ್ದೇನೆ. ಪ್ರತಿ ಲಿಫ್ಟಿಗೂ ಒಂದು ಪುಸ್ತಕ ಇರುತ್ತದೆ: ತಾರೀಕು, ಏನು ಕೆಟ್ಟಿತ್ತು, ಏನು ಮಾಡಿದೆ. ಇದೂ ಅಂಥದೇ ಒಂದು ಖಾಲಿ ಪುಸ್ತಕ, ಕೆಲಸದ ಚೀಲದಲ್ಲಿತ್ತು.

ಶನಿವಾರ ಸಂಜೆ ಏಳೂಕಾಲರ ಸುಮಾರಿಗೆ ನನಗೂ ಹೆಂಡತಿಗೂ ಮಾತಿಗೆ ಮಾತು ಬೆಳೆಯಿತು. ಯಾವ ವಿಷಯಕ್ಕೆ ಎಂಬುದು ಮುಖ್ಯವಲ್ಲ. ಗಲಾಟೆಯಲ್ಲಿ ಟಿವಿ ಒಡೆದುಹೋಯಿತು. ಅವಳು ಬಿದ್ದಳು, ಮುಂಗೈಗೆ ಪೆಟ್ಟಾಯಿತು. ಅಷ್ಟರಲ್ಲಿ ಅವಳ ಅಣ್ಣ ಇನ್ನಿಬ್ಬರನ್ನು ಕಟ್ಟಿಕೊಂಡು ಮನೆಗೆ ನುಗ್ಗಿದ. ಮೂವರ ಕೈಯಲ್ಲೂ ಕಬ್ಬಿಣದ ಸಲಾಕೆ. ನನ್ನನ್ನು ಅಂಗಳಕ್ಕೆ ಎಳೆದು ಹಾಕಿ ಮೂರೂ ಜನ ಬಡಿದರು. ಕೆಳಗಿನ ಎರಡು ಹಲ್ಲು ಹೋದವು. ಹುಬ್ಬಿನ ಮೇಲೆ ಐದು ಹೊಲಿಗೆ. ಎಡಪಕ್ಕೆಯ ಒಂದು ಮೂಳೆ ಬಿರುಕು ಬಿಟ್ಟಿದೆ. ಕೆಮ್ಮಿದರೆ ಒಳಗೆ ಯಾರೋ ಸ್ಕ್ರೂ ತಿರುಗಿಸಿದ ಹಾಗಾಗುತ್ತದೆ.

ಭಾವ ಕನ್ನಡಕದ ಅಂಗಡಿ ಇಟ್ಟುಕೊಂಡಿರುವ ಮನುಷ್ಯ. ಗಾಳಿ ಜೋರಾಗಿ ಬೀಸಿದರೆ ಕಂಬ ಹಿಡಿದುಕೊಳ್ಳಬೇಕು, ಅಂಥ ಮೈಕಟ್ಟು. ಅವನೊಬ್ಬನ ಕೈಯಲ್ಲಿ ನಾನು ಹೊಡೆತ ತಿಂದೆ ಎಂದರೆ ಯಾರೂ ನಂಬುವುದಿಲ್ಲ. ಆದ್ದರಿಂದ ಮೂವರು ಎಂಬುದನ್ನು ಒತ್ತಿ ಹೇಳಬೇಕು.

ಹೆಂಡತಿಯನ್ನೂ ಮಗಳನ್ನೂ ಅವನೇ ತನ್ನ ಮನೆಗೆ ಕರೆದುಕೊಂಡು ಹೋಗಿದ್ದಾನೆ. ಹೋಗಲಿ. ನನ್ನ ಹತ್ತಿರ ಸಾಕ್ಷಿ ಇದೆ. ಗೇಟಿನ ಮೇಲೊಂದು, ಅಂಗಳದಲ್ಲೊಂದು ಕ್ಯಾಮೆರಾ. ಹಾಲ್‌ನಲ್ಲೂ ಒಂದಿದೆ, ಅದು ಕೆಟ್ಟು ವರ್ಷವಾಯಿತು. ಎಲ್ಲ ಹೋಗಿ ಸೇರುವುದು ಮಲಗುವ ಕೋಣೆಯ ಕಪಾಟಿನ ಮೇಲಿರುವ ಡಿವಿಆರ್ ಪೆಟ್ಟಿಗೆಗೆ. ಠಾಣೆಯ ಸಾಹೇಬರು, "ಬಾಯಿಮಾತು ಬೇಡ, ವಿಡಿಯೊ ಇದ್ರೆ ತನ್ನಿ," ಎಂದಿದ್ದಾರೆ. ನಾಳೆ ತೆಗೆಯುತ್ತೇನೆ.

ಮಾರ್ಚ್ 4, ಮಂಗಳವಾರ

ಆಗಲಿಲ್ಲ.

ಪೆಟ್ಟಿಗೆಯನ್ನು ಟಿವಿಗೆ ಜೋಡಿಸಿ ನೋಡುತ್ತಿದ್ದೆವು. ಟಿವಿ ಇಲ್ಲ. ಉಳಿದದ್ದು ಫೋನು, ಮನೆಯ ವೈಫೈ ಒಳಗಿದ್ದರೆ ಫೋನಿನಲ್ಲೇ ಕಾಣುತ್ತಿತ್ತು. ಆದರೆ ಶನಿವಾರ ರೂಟರ್ ಕೂಡ ಗೋಡೆಗೆ ತಗುಲಿ ಹಾಳಾಗಿದೆ. ಹೊಸದು ತಂದು ಹಾಕಿದೆ. ಇಂಟರ್‌ನೆಟ್ ಬರುತ್ತಿದೆ, ಫೋನಿನಲ್ಲಿ ಬೇಕಾದ್ದೆಲ್ಲ ತೆರೆಯುತ್ತಿದೆ. ಕ್ಯಾಮೆರಾದ ಆ್ಯಪ್ ಮಾತ್ರ 'ಸಾಧನ ಸಿಗುತ್ತಿಲ್ಲ' ಎನ್ನುತ್ತದೆ.

ಕೇಬಲ್ ಕಿತ್ತು ಮತ್ತೆ ಹಾಕಿದೆ. ಪೆಟ್ಟಿಗೆ ಆರಿಸಿ ಹತ್ತಿಸಿದೆ. ದೀಪ ಹಸಿರಾಗಿ ಉರಿಯುತ್ತಿದೆ, ಒಳಗೆ ಡಿಸ್ಕ್ ತಿರುಗುವ ಸದ್ದು ಕೇಳುತ್ತಿದೆ, ಅಂದರೆ ಬದುಕಿದೆ. ರೂಟರಿಗೆ ಮಾತ್ರ ಅದರ ಪರಿಚಯ ಇಲ್ಲ. ಇಡೀ ದಿನ ಇದೇ ಆಯಿತು. ಚಪ್ಪಲಿ ಸ್ಟ್ಯಾಂಡಿನ ಒಂದು ಪಟ್ಟಿ ಮುರಿಯಿತು. ಮೊದಲೇ ಸಡಿಲವಿತ್ತು.

ಹೆಂಡತಿಗೆ ಹನ್ನೆರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಎತ್ತದಿದ್ದರೆ ಅಲ್ಲಿಗೇ ಬಂದು ಕಾಲು ಹಿಡಿದು ಎಳೆದುಕೊಂಡು ಬರುತ್ತೇನೆ ಎಂದು ಮೆಸೇಜ್ ಹಾಕಿದೆ. ಉತ್ತರ ಬಂದದ್ದು ಭಾವನಿಂದ: "ಬಾ. ಈ ಸಲ ಎರಡು ಹಲ್ಲಿಗೆ ನಿಲ್ಲಲ್ಲ." ಅದರ ಫೋಟೊ ತೆಗೆದಿಟ್ಟುಕೊಂಡಿದ್ದೇನೆ, ವಕೀಲರಿಗೆ ತೋರಿಸಬೇಕು. ನಾನು ಕಳಿಸಿದ್ದನ್ನು ಅಳಿಸಿದೆ. ಅದರ ಅಗತ್ಯವಿಲ್ಲ.

ಮಾರ್ಚ್ 6, ಗುರುವಾರ

ಕೆಲಸಕ್ಕೆ ಹೋದೆ. ಹನ್ನೊಂದು ಮಹಡಿಯ ಕಟ್ಟಡ, ಬಾಗಿಲು ಮುಚ್ಚಿಕೊಳ್ಳದೆ ಸತಾಯಿಸುತ್ತಿದ್ದ ಲಿಫ್ಟು. ಬಾಗಿಲ ಹಳಿಯಲ್ಲಿ ಯಾರದೋ ಬೀಗದ ಕೈ ಸಿಕ್ಕಿಕೊಂಡಿತ್ತು. ಮಂಡಿಯೂರಿ ಅದನ್ನು ಕೀಳುತ್ತಿದ್ದಾಗ ಕಟ್ಟಡದ ಕಾರ್ಯದರ್ಶಿ ಬಂದು ತಲೆಯ ಮೇಲೆ ನಿಂತ.

"ಏನ್ರೀ ಮುಖ ಹೀಗಾಗಿದೆ? ಹೆಂಡ್ತಿ ಕೊಟ್ಟಿದ್ದಾ?"

ತಮಾಷೆಗೇ ಅಂದಿರಬೇಕು. ಮುಂದಿನದು ಬೇಗ ಆಯಿತು. ಅವನ ಕೊರಳಪಟ್ಟಿ ನನ್ನ ಕೈಗೆ ಬಂತು, ಅವನ ಹಣೆ ಲಿಫ್ಟಿನ ಬಾಗಿಲಿಗೆ ತಗುಲಿತು. ಒಂದೇ ಸಲ. ಸ್ಟೀಲಿನ ಬಾಗಿಲು ಖಾಲಿ ಡ್ರಮ್ಮಿನ ಹಾಗೆ ಸದ್ದು ಮಾಡಿತು. ರಕ್ತ ಮೂಗಿನ ಪಕ್ಕದಿಂದಿಳಿದು ಅವನ ಬಿಳಿ ಅಂಗಿಯ ಜೇಬಿನೊಳಗೆ ಹೋಯಿತು. ಅವನು ಅದನ್ನು ಮುಟ್ಟಿ ನೋಡಿ, ತನ್ನದಲ್ಲ ಎಂಬಂತೆ ಬೆರಳು ದೂರ ಹಿಡಿದುಕೊಂಡ.

ಮೇಸ್ತ್ರಿ ಓಡಿ ಬಂದು ನಡುವೆ ನಿಂತರು. ನನಗೆ ಈ ಕೆಲಸ ಕಲಿಸಿದವರು, ಅರವತ್ತು ದಾಟಿದೆ. ಅವನಿಗೆ ಕೈ ಮುಗಿದು, ನೀರು ಕುಡಿಸಿ, ದೂರು ಕೊಡಬೇಡಿ ಎಂದು ಬೇಡಿಕೊಂಡರು. ಆಮೇಲೆ ನನ್ನನ್ನು ಮೆಟ್ಟಿಲ ಮೇಲೆ ಕೂರಿಸಿದರು.

"ಒಂದು ವಾರ ಬರ್ಬೇಡ."

"ನನಗೇನೂ ಆಗಿಲ್ಲ, ಕೆಲಸ ಮಾಡ್ತೀನಿ."

"ರಜೆ ನಿನಗಲ್ಲಪ್ಪ. ನಿನ್ನ ಕೈಗೆ."

ವಯಸ್ಸಾದವರು, ಏನೋ ಅನ್ನುತ್ತಾರೆ.

ಮಾರ್ಚ್ 7, ಶುಕ್ರವಾರ

ಕ್ಯಾಮೆರಾ ಹಾಕಿದವನನ್ನು ಕರೆಸಿದೆ. ದಪ್ಪ ಮನುಷ್ಯ, ಮಹಡಿ ಹತ್ತಿದವನಂತೆ ಏದುಸಿರು. ಕೂರಲು ಕುರ್ಚಿ ಹುಡುಕಿದ. ನಾಲ್ಕರಲ್ಲಿ ಎರಡು ಉಳಿದಿವೆ. ಹೊಸ ರೂಟರ್ ನೋಡಿ, "ಹಳೇದೆಲ್ಲಿ?" ಎಂದ.

"ಬಿತ್ತು."

ಅವನು ಗೋಡೆಯ ಕಡೆ ನೋಡಿದ. ನನ್ನ ಭುಜದ ಎತ್ತರಕ್ಕೆ ಅಂಗೈ ಅಗಲದ ಗಾರೆ ಕಿತ್ತು ಬಂದಿದೆ. ಲ್ಯಾಪ್‌ಟಾಪ್ ತೆಗೆದ.

"ನೋಡಿ ಸಾರ್. ಮನೇಲಿರೋ ಒಂದೊಂದು ಸಾಮಾನಿಗೂ ರೂಟರ್ ಒಂದು ನಂಬರ್ ಕೊಡುತ್ತೆ, ಮನೆ ನಂಬರ್ ಇದ್ದ ಹಾಗೆ. ನಿಮ್ಮ ಹಳೇ ರೂಟರ್ ಇದ್ದಿದ್ದು ಒಂದನೇ ಬೀದೀಲಿ ಅಂದ್ಕೊಳ್ಳಿ. ಪೆಟ್ಟಿಗೆಗೆ ನಾನು ಒಂದನೇ ಬೀದಿ, ಅರವತ್ನಾಲ್ಕನೇ ಮನೆ ಅಂತ ಕಾಯಂ ಮಾಡಿದ್ದೆ. ಈ ಹೊಸದು ಬಂದು ಸೊನ್ನೇ ಬೀದೀಲಿ ಕೂತಿದೆ. ಪೆಟ್ಟಿಗೆ ಪಾಪ ಹಳೇ ಬೀದೀಲೇ ಬಾಗಿಲು ತೆಗೆದು ಕಾಯ್ತಿದೆ. ಆ ಕಡೆ ಯಾರೂ ಹೋಗ್ತಾನೇ ಇಲ್ಲ."

ರೂಟರಿನ ನಂಬರ್ ಬದಲಿಸಿ ಅದನ್ನೂ ಒಂದನೇ ಬೀದಿಗೆ ತಂದ. ಐದು ನಿಮಿಷದ ಕೆಲಸ. ಫೋನಿನಲ್ಲಿ 'ಸಾಧನ ಸಿಕ್ಕಿದೆ' ಎಂದು ಬಂತು. ಮೂರು ದಿನದಲ್ಲಿ ಮೊದಲ ಸಲ ಉಸಿರು ಪೂರ್ತಿ ಎಳೆದೆ, ಪಕ್ಕೆ ಚುಚ್ಚಿತು.

ಮುಂದಿನ ಹೆಜ್ಜೆಗೆ ಪಾಸ್‌ವರ್ಡ್ ಕೇಳಿತು. ನನಗೆ ಗೊತ್ತಿದ್ದದ್ದನ್ನು ಹಾಕಿದೆ, ತಪ್ಪು. ಮಗಳ ಹುಟ್ಟಿದ ದಿನ, ತಪ್ಪು. ಐದನೆಯ ಸಲಕ್ಕೆ ಅರ್ಧ ಗಂಟೆ ಬೀಗ ಬಿತ್ತು.

"ಬದಲಾಯ್ಸಿದಾರೆ," ಎಂದ. "ಮನೇಲಿ ಇದನ್ನ ಯಾರು ನೋಡ್ಕೋತಿದ್ರು?"

"ಮಗಳು."

"ಅವರನ್ನೇ ಕೇಳ್ಬಿಡಿ. ಕಂಪನಿಯವರು ಹೊಸದು ಕೊಡ್ತಾರೆ, ಆದ್ರೆ ಬಿಲ್ ಯಾರ ಹೆಸರಲ್ಲಿದ್ಯೋ ಅವರೇ ಕೇಳ್ಬೇಕು. ಬಿಲ್ ಮೇಡಂ ಹೆಸರಲ್ಲಿದೆ."

ಹೌದು, ಕ್ಲಿನಿಕ್ಕಿನಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವಳೇ ಕೊಂಡದ್ದು. ಬೀದಿಯಲ್ಲಿ ಕಳ್ಳತನ ಆಗಿತ್ತು, ಹೆದರಿದ್ದಳು.

"ಇನ್ನೊಂದು ವಿಷ್ಯ. ಹದಿನೈದು ದಿನ ದಾಟಿದ್ದು ತಾನಾಗೇ ಅಳಿಸಿ ಹೋಗೋ ಹಾಗೆ ಇಟ್ಟಿದೀನಿ. ಒಂದನೇ ತಾರೀಕಿಂದು ಹದಿನಾರಕ್ಕೆ ಹೋಯ್ತು."

"ಪೆಟ್ಟಿಗೆ ಬಿಚ್ಚಿ ಒಳಗಿಂದ ತೆಗೆಯೋಕಾಗಲ್ವಾ?"

"ಬಿಚ್ಚೋದಾ, ಒಡೆಯೋದಾ ಸಾರ್?" ಎಂದ. ನಾನು ಮೇಲೆದ್ದೆ, ಅಷ್ಟೇ. ಅವನು ಟೀ ಕುಡಿಯದೆ ಹೋದ.

ಮಾರ್ಚ್ 9, ಭಾನುವಾರ

ಮಗಳು ಬಂದಿದ್ದಳು. ಹದಿನಾರು ವರ್ಷ, ಮೈಯೆಲ್ಲ ಮೂಳೆ. ನಾನು ಅವಳನ್ನು ಕರೆಯುವುದೇ ಕಡ್ಡಿ ಎಂದು. ಪರೀಕ್ಷೆಗೆ ಪುಸ್ತಕ ಬೇಕಂತೆ. ಭಾವ ಗೇಟಿನ ಆಚೆ ಸ್ಕೂಟರಿನ ಮೇಲೆ ಕೂತಿದ್ದ, ಇಂಜಿನ್ ಆರಿಸದೆ.

"ಊಟ ಆಯ್ತಾ?" ಎಂದೆ.

"ಆಯ್ತು."

"ಅಮ್ಮನ ಕೈ?"

"ಎರಡು ಕಡೆ ಮುರಿದಿತ್ತು. ಒಳಗೆ ಪ್ಲೇಟ್ ಹಾಕಿದಾರೆ."

ಒಂದೊಂದೇ ಪುಸ್ತಕ ತೆಗೆದು ಎದೆಗೆ ಅವುಚಿಕೊಳ್ಳುತ್ತಿದ್ದಳು. ನನ್ನ ಕಡೆ ಬೆನ್ನು ಮಾಡದೆ, ಗೋಡೆಗೆ ಆತುಕೊಂಡೇ ಓಡಾಡುತ್ತಿದ್ದಳು.

"ಡಿವಿಆರ್ ಪಾಸ್‌ವರ್ಡ್ ಹೇಳು ಕಡ್ಡಿ."

"ಯಾಕೆ?"

"ನಿಮ್ಮ ಮಾವ ನನಗೆ ಹೊಡೆದಿದ್ದು ಅದ್ರಲ್ಲಿದೆ."

"ಅದೊಂದೇನಾ ಇರೋದು ಅದ್ರಲ್ಲಿ?"

ಅವಳ ಮುಂಗೈ ನನ್ನ ಹಿಡಿತದಲ್ಲಿತ್ತು. ಪುಸ್ತಕಗಳು ಬಿದ್ದವು. ಕೂಗುತ್ತಾಳೆ ಎಂದುಕೊಂಡೆ. ಕೂಗಲಿಲ್ಲ. ಅಂಗಡಿಯಲ್ಲಿ ಚಿಲ್ಲರೆ ಕೇಳುವಷ್ಟು ಸಾವಧಾನವಾಗಿ ಹೇಳಿದಳು: "ಕೈ ಬಿಡಿ ಅಪ್ಪ. ಇದೂ ಮುರಿದ್ರೆ ನಾನು ಪರೀಕ್ಷೆ ಬರೆಯೋಕಾಗಲ್ಲ."

ಬಿಟ್ಟೆ. ಕೈಗಡಿಯಾರದ ಪಟ್ಟಿಯಷ್ಟು ಅಗಲ ಕೆಂಪಗಾಗಿತ್ತು.

ಅಷ್ಟರಲ್ಲಿ ಭಾವ ಬಾಗಿಲಿಗೆ ಬಂದಿದ್ದ. ನನ್ನ ಕೈಯಲ್ಲಿ ದೊಡ್ಡ ಸ್ಪ್ಯಾನರ್ ಇತ್ತು. ಯಾವಾಗ ಬಂತೋ ಗೊತ್ತಿಲ್ಲ. ಅವನು ಹೊಸಿಲಿನ ಮೇಲಿದ್ದ ಕುಂಡ ಎತ್ತಿಕೊಂಡ. "ಬಾರೋ," ಎಂದ. "ಹೆಣ್ಣುಮಕ್ಕಳ ಮೇಲಲ್ಲ, ನನ್ನ ಮೇಲೆ ಬಾ." ಕಡ್ಡಿ ಇಬ್ಬರ ನಡುವೆ ನುಗ್ಗಿ, ತಲೆ ತಗ್ಗಿಸಿ, ಎಮ್ಮೆಗರುವಿನ ಹಾಗೆ ಅವನನ್ನು ಹೊಟ್ಟೆಗೆ ಗುದ್ದಿ ಹೊರಗೆ ತಳ್ಳಿದಳು. ಸ್ಕೂಟರ್ ಹೊರಟಾಗ ಸ್ಪ್ಯಾನರ್ ಹೋಗಿ ಗೇಟಿಗೆ ಬಡಿಯಿತು. ಅವಳ ತಲೆಯಿಂದ ಒಂದು ಮೊಳ ದೂರ. ನಾನು ಗುರಿಯಿಟ್ಟದ್ದು ಅವನಿಗೆ.

ಸಂಜೆ ಅವಳಿಂದ ಮೆಸೇಜ್ ಬಂತು. ಎಂಟು ಅಕ್ಷರ, ಅಂಕಿ ಬೆರೆತದ್ದು, ಅರ್ಥವಿಲ್ಲದ್ದು. ಅದರ ಕೆಳಗೆ: "ಹಾಲ್‌ದೂ ಇದೆ. ನಾನೇ ರಿಪೇರಿ ಮಾಡ್ಸಿದ್ದೆ. ಪೂರ್ತಿ ನೋಡಿ."

ಮಾರ್ಚ್ 10, ಸೋಮವಾರ

ಪಾಸ್‌ವರ್ಡ್ ಸರಿ ಇದೆ. ಧ್ವನಿ ಇಲ್ಲ, ಚಿತ್ರ ಮಾತ್ರ. ಮೊದಲು ಹಾಲ್ ನೋಡಿದೆ.

7:02. ನಾನು ಒಳಗೆ ಬರುತ್ತೇನೆ. ಅವಳು ಕೂದಲು ಬಿಚ್ಚಿಕೊಂಡು ನೆಲದ ಮೇಲೆ ಕೂತು ಬಟ್ಟೆ ಮಡಚುತ್ತಿದ್ದಾಳೆ, ಟಿವಿ ನೋಡಿ ನಗುತ್ತಿದ್ದಾಳೆ. ಮಧ್ಯಾಹ್ನ ಎರಡು ಸಲ ಫೋನ್ ಮಾಡಿದರೂ ಯಾಕೆ ಎತ್ತಲಿಲ್ಲ ಎಂದು ನಾನು ಕೇಳಿದ್ದು ಆಗ. 7:05ಕ್ಕೆ ಅವಳು ಫೋನ್ ತೋರಿಸುತ್ತಾಳೆ, ಅದು ನೆಲಕ್ಕೆ ಹೋಗುತ್ತದೆ. 7:07, ರೂಟರ್, ತಂತಿ ಸಮೇತ. ಅದು ಅವಳ ಕಿವಿಯ ಪಕ್ಕ ಗೋಡೆಗೆ ತಗುಲುತ್ತದೆ. 7:09, ಟಿವಿ, ಕುರ್ಚಿಯಿಂದ. ಕುರ್ಚಿಯ ಕಾಲು ಮುರಿದು ಬಾಗಿಲ ಹತ್ತಿರ ಉರುಳುತ್ತದೆ. 7:11, ಕೂದಲು. ಗೋಡೆ. ಮೂರು ಸಲ.

7:14, ಮೇಜು. ಅವಳ ಮುಂಗೈ ಮೇಜಿನ ಅಂಚಿನಲ್ಲಿದೆ, ಅದರ ಮೇಲೆ ಮೊಣಕಾಲು ಬರುತ್ತದೆ. ಅವಳ ಬಾಯಿ ತೆರೆಯುತ್ತದೆ. ಎಷ್ಟು ಹೊತ್ತು ತೆರೆದಿತ್ತು ಎಂದು ಹಿಂದಕ್ಕೆ ತಂದು ನೋಡಿದೆ. ಹನ್ನೊಂದು ಸೆಕೆಂಡು. ಕಡ್ಡಿ ಅಡುಗೆಮನೆಯ ಬಾಗಿಲಲ್ಲಿ ಫೋನ್ ಕಿವಿಗಿಟ್ಟುಕೊಂಡು ನಿಂತಿದ್ದಾಳೆ. ಅಲ್ಲಿಂದ ಇನ್ನೂ ಏಳು ನಿಮಿಷ ಇದೆ. ಅದನ್ನು ಓಡಿಸಿದೆ.

7:21, ಭಾವ. ಒಬ್ಬನೇ. ಕೈಯಲ್ಲಿ ಏನೂ ಇಲ್ಲ. ನನ್ನ ಬೆನ್ನ ಮೇಲೆ ಬಿದ್ದು ಎಳೆಯುತ್ತಾನೆ. ಎರಡು ಸಲ ಒದೆ ತಿಂದು ಬೀಳುತ್ತಾನೆ, ಎರಡು ಸಲ ಎದ್ದು ಬರುತ್ತಾನೆ. ಮೂರನೆಯ ಸಲ ಬಾಗಿಲ ಹತ್ತಿರದ ಕುರ್ಚಿಯ ಕಾಲು ಎತ್ತಿಕೊಳ್ಳುತ್ತಾನೆ.

ಅಂಗಳದ ಕ್ಯಾಮೆರಾದಲ್ಲಿ 7:24ರಿಂದ ಇದೆ. ನಾನು ನೆಲದ ಮೇಲಿದ್ದೇನೆ, ಅವನು ಮರದ ಕಾಲಿನಿಂದ ಬಡಿಯುತ್ತಿದ್ದಾನೆ. ಸಲಾಕೆ ಇಲ್ಲ. ಆಮೇಲೆ ಓಡಿ ಬರುವ ಇಬ್ಬರು ಎದುರುಮನೆಯವರು, ಅವರು ಹಿಡಿದು ಎಳೆಯುವುದು ಅವನನ್ನೇ.

ಮೂಲೆಯ ಕ್ಯಾಮೆರಾ ಮೇಲಿನಿಂದ ನೋಡುತ್ತದೆ. ಮೇಲಿನಿಂದ ನೋಡಿದರೆ ಯಾವುದೂ ಇದ್ದದ್ದಕ್ಕಿಂತ ಕೆಟ್ಟದಾಗಿ ಕಾಣುತ್ತದೆ. ಸಾಹೇಬರು ಕೇಳಿದ್ದು ನನ್ನ ಮೇಲೆ ಆದ ಹಲ್ಲೆಯ ವಿಡಿಯೊ. ಅಂಗಳದ್ದು, 7:24ರಿಂದ ಎದುರುಮನೆಯವರು ಬರುವ ತನಕ, ಒಂದು ನಿಮಿಷದ ತುಂಡು ಪೆನ್‌ಡ್ರೈವಿಗೆ ಹಾಕಿಕೊಂಡೆ.

ಮಾರ್ಚ್ 11, ಮಂಗಳವಾರ

ಸಾಹೇಬರು ತುಂಡನ್ನು ಎರಡು ಸಲ ನೋಡಿದರು. ಭಾವನನ್ನು ಅಂಗಡಿಯಿಂದಲೇ ಎತ್ತಿಕೊಂಡು ಬಂದರು. ಲೆನ್ಸ್ ಒರೆಸುವ ಬಟ್ಟೆ ಇನ್ನೂ ಅವನ ಕೈಯಲ್ಲಿತ್ತು.

"ಕುರ್ಚಿ ಕಾಲಲ್ಲಿ ಹೊಡೀತೀಯಾ?" ಎಂದು ಕೇಳಿ ಪೇದೆ ಉತ್ತರಕ್ಕೆ ಕಾಯದೆ ಕೆನ್ನೆಗೆ ಬಾರಿಸಿದ. ಕನ್ನಡಕ ಹಾರಿ ಬೆಂಚಿನಡಿ ಹೋಯಿತು. ಮತ್ತೆ ಬಾರಿಸಿದ. ಭಾವ ಮಂಡಿಯೂರಿ ನೆಲ ತಡವತೊಡಗಿದ. ಊರಿನ ಅರ್ಧ ಜನಕ್ಕೆ ಕನ್ನಡಕ ಹಾಕಿದ ಮನುಷ್ಯ, ತನ್ನದು ಒಂದು ಗೇಣು ದೂರದಲ್ಲಿದ್ದರೂ ಕಾಣುತ್ತಿರಲಿಲ್ಲ. ಪೇದೆ ಲಾಠಿಯಿಂದ ಬೆನ್ನಿಗೆ, ತೊಡೆಗೆ, ಚಾಚಿದ ಕೈಗೆ ಹೊಡೆದ. ಭಾವ ನನ್ನ ಹೆಸರೆತ್ತಲಿಲ್ಲ. "ಸಾರ್, ಮುಂಚಿಂದು ನೋಡಿ, ಮುಂಚಿಂದು ನೋಡಿ," ಎಂದಷ್ಟೇ ಅನ್ನುತ್ತಿದ್ದ.

ಹೆಂಡತಿ, ಮಗಳು ಓಡಿ ಬಂದರು. ಹೆಂಡತಿಯ ಕೈ ಮೊಣಕೈ ತನಕ ಕಟ್ಟಿನಲ್ಲಿತ್ತು, ಬೆರಳು ಊದಿ ಹೊಳೆಯುತ್ತಿದ್ದವು. ಕುತ್ತಿಗೆಯ ಹತ್ತಿರ ಇನ್ನೂ ಹಳದಿ ಕಲೆ. ಅವಳು ನನ್ನ ಕಡೆ ನೋಡದೆ ಸಾಹೇಬರ ಮೇಜಿನ ಮುಂದೆ ನಿಂತಳು.

"ಅಣ್ಣ ಬಂದಿದ್ದು ನನ್ನ ಬಿಡಿಸೋಕೆ. ಈ ಕೈ ಮುರಿದಿದ್ದು ಅವರು."

"ಆಸ್ಪತ್ರೆ ಚೀಟೀಲಿ ಜಾರಿ ಬಿದ್ದು ಅಂತ ಬರ್ಸಿದೀರಲ್ಲಮ್ಮ."

"ಅವತ್ತು ಹಾಗೆ ಹೇಳ್ದೆ. ಪ್ರತಿ ಸಲನೂ ಹಾಗೇ ಹೇಳಿದೀನಿ."

"ಹಾಲ್‌ನಲ್ಲಿ ಕ್ಯಾಮೆರಾ ಇದೆ ಸಾರ್," ಎಂದಳು ಕಡ್ಡಿ. "ಪಾಸ್‌ವರ್ಡ್ ನಾನೇ ಅಪ್ಪನಿಗೆ ಕೊಟ್ಟಿದೀನಿ. ಅಪ್ಪ ನೋಡಿದಾರೆ."

ಸಾಹೇಬರು ನನ್ನ ಕಡೆ ತಿರುಗಿದರು. "ಏನ್ರೀ?"

"ಅದು ಕೆಟ್ಟು ವರ್ಷ ಆಯ್ತು ಸಾರ್," ಎಂದೆ.

ಕಡ್ಡಿ ಬೆಂಚಿನಡಿ ಬಗ್ಗಿ ಮಾವನ ಕನ್ನಡಕ ತೆಗೆದು, ಒಂದು ಗಾಜು ಇಲ್ಲದ್ದನ್ನು ನೋಡಿ, ಹಾಗೆಯೇ ಅವನ ಕಿವಿಗೆ ಸಿಕ್ಕಿಸಿದಳು. ಅವನನ್ನು ಒಳಗೆ ಹಾಕಿದರು.

ಗೆದ್ದಂತಾಯಿತು. ಊಟ ಮಾತ್ರ ಸೇರಲಿಲ್ಲ, ಹಲ್ಲಿನ ಗುಳಿ ನೋಯುತ್ತಿದೆ.

ಮಾರ್ಚ್ 12, ಬುಧವಾರ

ಭಾವನಿಗೆ ಜಾಮೀನು ಸಿಕ್ಕಿತಂತೆ. ಬೇರೆ ಏನೂ ಇಲ್ಲ.

ಮಾರ್ಚ್ 13, ಗುರುವಾರ

ಇನ್ನು ಮೂರು ದಿನ ಸುಮ್ಮನಿದ್ದರೆ ಒಂದನೇ ತಾರೀಕಿನದು ತಾನಾಗಿ ಅಳಿಸಿಹೋಗುತ್ತದೆ. ನಾನು ಏನನ್ನೂ ಮುಟ್ಟಬೇಕಾಗಿಲ್ಲ.

ಮನೆಯಲ್ಲಿ ಕೂತು ಕೂತು ತಲೆ ಕೆಟ್ಟಿತ್ತು. ಗೇಟಿನ ಕ್ಯಾಮೆರಾದ ಗಡಿಯಾರಕ್ಕೂ ಹಾಲ್‌ನದಕ್ಕೂ ವ್ಯತ್ಯಾಸ ಇದೆಯೋ ನೋಡೋಣ, ನಾಳೆ ಯಾರಾದರೂ ಕೇಳಿದರೆ ಗೊತ್ತಿರಲಿ ಎಂದು ಎರಡನ್ನೂ ಅಕ್ಕಪಕ್ಕ ಇಟ್ಟು ಹಳೆಯ ದಿನಗಳನ್ನು ಹಾಕಿದೆ. ಫೆಬ್ರವರಿ 26ರಿಂದ ಇದೆ.

26, ಸಂಜೆ. ಹಾಲ್‌ನಲ್ಲಿ ಕಡ್ಡಿ ಬೋರಲು ಮಲಗಿ ಓದುತ್ತಿದ್ದಾಳೆ. ಅವಳಮ್ಮ ಏನೋ ಹೇಳುತ್ತಾಳೆ, ಇಬ್ಬರೂ ನಗುತ್ತಾರೆ. ಕಡ್ಡಿ ನಕ್ಕರೆ ಕಾಲು ಮೇಲಕ್ಕೆತ್ತಿ ಆಡಿಸುತ್ತಾಳೆ, ಮಗುವಾಗಿದ್ದಾಗ ಮಾಡುತ್ತಿದ್ದ ಹಾಗೆ. ಈಗಲೂ ಹಾಗೆ ಮಾಡುತ್ತಾಳೆಂದು ನನಗೆ ಗೊತ್ತಿರಲಿಲ್ಲ. ಗೇಟಿನ ಚಿತ್ರದಲ್ಲಿ ಬೀದಿಯ ತಿರುವಿನಲ್ಲಿ ನನ್ನ ಬೈಕಿನ ದೀಪ ಬರುತ್ತದೆ.

ಹಾಲ್‌ನಲ್ಲಿ ಇಬ್ಬರ ತಲೆಯೂ ಒಟ್ಟಿಗೆ ಮೇಲೇಳುತ್ತದೆ. ಟಿವಿ ಆರುತ್ತದೆ. ಕಡ್ಡಿ ಎದ್ದು ಮೇಜಿನ ಮೇಲಿದ್ದ ಎರಡು ಗಾಜಿನ ಲೋಟ, ಕತ್ತರಿ, ಹೂದಾನಿ ಎತ್ತಿಕೊಂಡು ಅಡುಗೆಮನೆಗೆ ಒಯ್ಯುತ್ತಾಳೆ. ಬರಿಗೈಯಲ್ಲಿ ಬಂದು ಕುರ್ಚಿಯನ್ನು ಬಾಗಿಲಿನಿಂದ ದೂರ ಸರಿಸುತ್ತಾಳೆ. ಅವಳಮ್ಮ ತನ್ನ ಫೋನನ್ನು ಪರದೆ ಕಾಣುವಂತೆ ಮೇಜಿನ ನಡುವೆ ಇಡುತ್ತಾಳೆ. ಆಮೇಲೆ ಕೂದಲನ್ನು ಬಿಗಿಯಾಗಿ ಸುರುಳಿ ಸುತ್ತಿ ಅಂಗಿಯ ಕೊರಳೊಳಗೆ ತೂರಿಸುತ್ತಾಳೆ, ಕೈಗೆ ಸಿಗದ ಹಾಗೆ. ಇಬ್ಬರೂ ಕೂರುತ್ತಾರೆ. ನಾನು ಒಳಗೆ ಬರುತ್ತೇನೆ.

ತಿರುವಿನಿಂದ ಬಾಗಿಲಿನ ತನಕ ಇಪ್ಪತ್ತೆರಡು ಸೆಕೆಂಡು.

27ನ್ನು ಹಾಕಿದೆ. ಇಪ್ಪತ್ತನಾಲ್ಕು. 28, ಇಪ್ಪತ್ತೆರಡು. ಅದೇ ಲೋಟ, ಅದೇ ಕೂದಲು. ಒಂದು ಮಾತಿಲ್ಲ, ಒಬ್ಬರಿಗೊಬ್ಬರು ಅಡ್ಡ ಬರುವುದಿಲ್ಲ. ವರ್ಷಗಟ್ಟಲೆ ಒಟ್ಟಿಗೆ ಕೆಲಸ ಮಾಡಿದವರ ಕೈ ಹೀಗೆ ಓಡುತ್ತದೆ. ನಾನೂ ಮೇಸ್ತ್ರಿಯೂ ಲಿಫ್ಟಿನ ಹಗ್ಗ ಬದಲಾಯಿಸುವಾಗ ಹೀಗೆ.

ಶನಿವಾರ ಬೈಕ್ ಪಂಕ್ಚರ್ ಆಗಿತ್ತು. ನಾನು ನಡೆದು ಬಂದಿದ್ದೆ. ಅವರಿಗೆ ಸದ್ದು ಕೇಳಿಸಲಿಲ್ಲ.

7:02ರಿಂದ ಮತ್ತೆ ನೋಡಿದೆ. ಈ ಸಲ ಓಡಿಸಲಿಲ್ಲ. ನಾನು ಅವಳ ಕೂದಲು ಹಿಡಿದೆ. ಮೂರು ಸಲ ಅಲ್ಲ, ನಾಲ್ಕು ಸಲ ಗೋಡೆಗೆ ಬಡಿದೆ. ಕೈ ಮುರಿದ ಮೇಲೆ ಅದೇ ಕೈ ಹಿಡಿದು ಮೇಲೆತ್ತಿದೆ. ಕಡ್ಡಿ ನನ್ನ ಕಾಲು ತಬ್ಬಿ ಎಳೆದಾಗ ಅವಳನ್ನೂ ಒದ್ದೆ. ಇದು ಮೊನ್ನೆ ಬರೆದದ್ದರಲ್ಲಿ ಇಲ್ಲ.

ಮಾರ್ಚ್ 14, ಶುಕ್ರವಾರ

ಹಾಲ್, ಅಂಗಳ, ಗೇಟು, ಫೆಬ್ರವರಿ 27ರಿಂದ ಇರುವುದೆಲ್ಲವನ್ನೂ ಪೆನ್‌ಡ್ರೈವಿಗೆ ಹಾಕಿದೆ. 26ರದು ಅಷ್ಟರಲ್ಲಿ ಹೋಗಿತ್ತು. ವೈಫೈ ಮೇಲೆ ನಿಧಾನ, ಬೆಳಿಗ್ಗೆ ಎಂಟಕ್ಕೆ ಶುರು ಮಾಡಿದ್ದು ಸಂಜೆ ಐದಕ್ಕೆ ಮುಗಿಯಿತು. ಎರಡು ಸಲ ನಡುವೆ ಕಡಿದುಹೋಯಿತು. ಎರಡು ಸಲವೂ ಮೊದಲಿನಿಂದ ಹಾಕಿದೆ.

ಮಾರ್ಚ್ 27, ಗುರುವಾರ

ಇಷ್ಟು ದಿನ ಬರೆಯಲಾಗಲಿಲ್ಲ. ಪುಸ್ತಕ ಚೀಲದಲ್ಲಿತ್ತು, ನಾನು ಒಳಗಿದ್ದೆ.

ಹದಿನೈದರ ಬೆಳಿಗ್ಗೆ ಠಾಣೆಗೆ ಹೋಗಿ ಪೆನ್‌ಡ್ರೈವ್ ಮೇಜಿನ ಮೇಲಿಟ್ಟೆ. "ಮುಂಚಿಂದು ಸಾರ್," ಎಂದೆ. ಸಾಹೇಬರು 7:02ರಿಂದ ನೋಡಿದರು. ನಡುವೆ ಒಮ್ಮೆ ನಿಲ್ಲಿಸಿ ನೀರು ಕುಡಿದರು. ಮುಗಿದ ಮೇಲೆ ಎದ್ದು ಬಂದು, "ನನ್ನ ಠಾಣೇಲಿ ತಪ್ಪು ಮನುಷ್ಯನಿಗೆ ಹೊಡೆಸಿದ್ಯಲ್ಲೋ," ಎಂದು ಹೊಡೆದರು. ಹುಬ್ಬಿನ ಹೊಲಿಗೆ ಬಿಚ್ಚಿತು. ಪೇದೆ ಲಾಠಿ ತಂದ. ಭಾವನಿಗೆ ಹೊಡೆದವನೇ. ಅವನ ಸಿಟ್ಟು ನನ್ನ ಮೇಲೋ ತನ್ನ ಮೇಲೋ ತಿಳಿಯಲಿಲ್ಲ, ಹೊಡೆತ ಮಾತ್ರ ನನ್ನ ಮೇಲೆ ಬಿತ್ತು. ಕೈ ಅಡ್ಡ ಹಿಡಿಯಲಿಲ್ಲ. ಮೂಳೆ ಬಿರುಕಿದ್ದ ಕಡೆಯೇ ಮತ್ತೆ ಮುರಿಯಿತು, ಈ ಸಲ ಸದ್ದು ಕೇಳಿಸಿತು.

ಭಾವನನ್ನು ಹೇಳಿಕೆಗೆ ಕರೆಸಿದ್ದರು. ಒಂದು ಗಾಜಿಗೆ ಟೇಪು ಹಾಕಿದ ಕನ್ನಡಕ. ಭಾವ ಬಾಗಿಲಲ್ಲಿ ನಿಂತು ನೋಡಿದರು. ಆಮೇಲೆ, "ಸಾಕು ಬಿಡಿ ಸಾರ್," ಎಂದರು. "ನಮ್ಮನೇಲಿ ಎಲ್ಲರಿಗೂ ಇದನ್ನ ನೋಡಿ ನೋಡಿ ಸಾಕಾಗಿದೆ." ಪೇದೆ ನಿಲ್ಲಿಸಿದ. ನಾನು ಅವರಿಗೆ ಏನಾದರೂ ಹೇಳಬೇಕೆಂದು ಬಾಯಿ ತೆರೆದೆ, ರಕ್ತ ಬಂತು. ಅವರು ಕಾಯದೆ ಹೋದರು.

ವಕೀಲರು ಫೈಲು ವಾಪಸ್ ಕೊಟ್ಟಿದ್ದಾರೆ. "ಬರೆದಿಟ್ಕೊಳ್ಳಿ ಅಂದೆ. ಒಯ್ದು ಕೊಟ್ಟು ಬನ್ನಿ ಅನ್ಲಿಲ್ಲ," ಎಂದರು.

ನಿನ್ನೆ ಜಾಮೀನು ಸಿಕ್ಕಿತು. ಮೇಸ್ತ್ರಿ ಸಹಿ ಹಾಕಿದರು. ಮನೆಯಲ್ಲಿ ಹೆಂಡತಿ, ಮಗಳು ಇರುತ್ತಾರೆ. ನಾನು ಆ ಬೀದಿಗೆ ಕಾಲಿಡುವಂತಿಲ್ಲ. ವರ್ಕ್‌ಶಾಪಿನ ಹಿಂದಿನ ಕೋಣೆಯಲ್ಲಿದ್ದೇನೆ. ಹಳೆಯ ಮೋಟಾರುಗಳ ನಡುವೆ ಒಂದು ಮಂಚ. ಮೇಸ್ತ್ರಿ ಊಟದ ಡಬ್ಬಿ ಇಟ್ಟು, "ಇಲ್ಲಿ ಒಡೆಯೋಂಥದ್ದು ಏನೂ ಇಲ್ಲ, ಎಲ್ಲ ಕಬ್ಬಿಣ," ಎಂದರು. ನಗಲಿಲ್ಲ. ನಾನೂ ನಗಲಿಲ್ಲ.

ಏಪ್ರಿಲ್ 20, ಭಾನುವಾರ

ಬೆಳಿಗ್ಗೆ ಹತ್ತಕ್ಕೆ ಕಡ್ಡಿ ಫೋನ್ ಮಾಡಿದಳು.

"ಕ್ಯಾಮೆರಾ ಬಗ್ಗೆ ಕೇಳ್ಬೇಕು. ಬೇರೆ ಏನೂ ಇಲ್ಲ."

"ಕೇಳು."

"ಕ್ಯಾಮೆರಾದವರು ನಮ್ಮನೆಗೆ ಬರಲ್ಲ ಅಂತಾರೆ. ಮನೇಲಿದ್ರೆ ಫೋನಲ್ಲಿ ಗೇಟ್ ಕಾಣುತ್ತೆ, ಹೊರಗೆ ಹೋದ್ರೆ ಕಾಣಲ್ಲ. ಅಮ್ಮನಿಗೆ ಕ್ಲಿನಿಕ್‌ನಿಂದ ಕಾಣ್ಬೇಕು. ಮನೆಗೆ ಬರೋ ಮುಂಚೆ ಗೇಟ್ ಹತ್ರ ಯಾರಿದಾರೆ ಅಂತ ನೋಡ್ಕೋಬೇಕಂತೆ."

ಯಾರು ಎಂದು ನಾನು ಕೇಳಲಿಲ್ಲ. "ಸೆಟ್ಟಿಂಗ್ಸ್ ತೆಗಿ, ನೆಟ್‌ವರ್ಕ್ ಒತ್ತು," ಎಂದೆ. "ಗೇಟ್‌ವೇ ಅಂತ ಒಂದು ಸಾಲು ಇರುತ್ತೆ. ಏನಿದೆ?"

"ಖಾಲಿ."

"ಪೆಟ್ಟಿಗೆಗೆ ಮನೆ ನಂಬರ್ ಇದೆ, ಬೀದಿಯಿಂದ ಹೊರಗೆ ಹೋಗೋ ದಾರಿ ಯಾರೂ ಹೇಳಿಲ್ಲ. ರೂಟರ್ ನಂಬರನ್ನೇ ಅಲ್ಲಿ ಹಾಕು. ಕೊನೇಲಿ ಒಂದು ಅಂತ ಇರುತ್ತೆ ನೋಡು."

ಹಾಕಿದಳು. ಹೊರಗಿನಿಂದ ನೋಡುವುದಕ್ಕೆ ಒಪ್ಪಿಗೆ ಕೇಳಿತು, ಒತ್ತು ಎಂದೆ. ದೀಪ ಹಸಿರಾಯಿತಂತೆ. "ವೈಫೈ ಆರಿಸಿ ಹೊರಗೆ ಹೋಗಿ ನೋಡು." ಅವಳು ಮೆಟ್ಟಿಲು ಇಳಿಯುವ ಸದ್ದು, ಗೇಟಿನ ಚಿಲಕದ ಸದ್ದು ಕೇಳಿಸಿತು. "ಬರ್ತಿದೆ," ಎಂದಳು.

ಅದೇ ಹೊತ್ತಿಗೆ ನನ್ನ ಫೋನು ಕಂಪಿಸಿತು. ಕಿವಿಯಿಂದ ತೆಗೆದು ನೋಡಿದೆ. ಆ್ಯಪ್ ಇನ್ನೂ ಇತ್ತು, ತೆಗೆಯುವುದು ಮರೆತಿದ್ದೆ. ಒತ್ತಿದರೆ ಗೇಟು ಕಾಣಿಸಿತು. ಕಡ್ಡಿ ಬೀದಿಯಲ್ಲಿ ಫೋನ್ ಹಿಡಿದು ನಿಂತಿದ್ದಾಳೆ. ಅವಳಮ್ಮ ಹೊರಗೆ ಬಂದಳು. ಬಲಗೈ ಇನ್ನೂ ಪಟ್ಟಿಯಲ್ಲಿದೆ, ಎಡಗೈಯಲ್ಲಿ ಹಣೆಗೆ ನೆರಳು ಮಾಡಿಕೊಂಡು ಬೀದಿಯ ಆ ತುದಿ ಈ ತುದಿ ನೋಡಿದಳು. ತೆಳ್ಳಗಾಗಿದ್ದಾಳೆ. ನಲವತ್ತು ದಿನ ಆಯಿತು ನೋಡಿ.

ನಾನು ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ದಿನಾ ಕಾಣುತ್ತದೆ.

"ಅಪ್ಪ, ಲೈನಲ್ಲಿದೀರಾ?"

"ಇದೀನಿ. ಇನ್ನೊಂದು ಕೆಲಸ ಉಳಿದಿದೆ. ಬಳಕೆದಾರರು ಅಂತ ಇದೆ, ಒತ್ತು. ಎಷ್ಟು ಫೋನ್ ಇದೆ ಅಲ್ಲಿ?"

"ಮೂರು. ನಂದು, ಅಮ್ಮಂದು..." ನಿಲ್ಲಿಸಿದಳು. "ಈಗ ನಿಮಗೆ ನಾವು ಕಾಣ್ತಿದೀವಾ?"

"ಕಾಣ್ತಿದೀರ."

ಅವಳು ಅಮ್ಮನಿಗೆ ಏನೋ ಹೇಳಿದಳು. ಅವಳಮ್ಮ ತಟ್ಟನೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಕಡ್ಡಿ ಮಾತ್ರ ಅಲ್ಲೇ ನಿಂತು ತಲೆಯೆತ್ತಿ ಕ್ಯಾಮೆರಾವನ್ನೇ ನೋಡಿದಳು.

"ನಂದು ತೆಗಿ," ಎಂದೆ. "ತೆಗೆದ್ಮೇಲೆ ಪಾಸ್‌ವರ್ಡ್ ಬದಲಾಯ್ಸು. ನನಗೆ ಹೇಳ್ಬೇಡ."

"ಹೇಳಲ್ಲ," ಎಂದಳು.

ತಲೆ ತಗ್ಗಿಸಿದಳು. ಹೆಬ್ಬೆರಳು ಆಡಿದ್ದು ಕಂಡಿತು. ಚಿತ್ರ ಹೋಯಿತು.

"ಆಯ್ತು," ಎಂದಳು.

"ಆಯ್ತು," ಎಂದೆ. ಅವಳೇ ಮೊದಲು ಫೋನ್ ಇಟ್ಟಳು.